ಗಿಣಿಮೂತಿ ಮೀನು

ಅಕ್ಕಂದಿರೇ, ತಂಗಿಯರೇ, ಮೊದಲು ಒಂದು ಒಡಪು ಬಿಡಿಸಿ.

ಗಿಣಿಯ ಹೆಸರೈತಿ, ಗೂಡಿಲ್ಲ.
ಬಾಯಿ ತೆರೆದೈತಿ, ಮಾತಿಲ್ಲ.
ನೀರಾಗ ಐತಿ, ಕೆರೆ ನೋಡಿಲ್ಲ.
ಏನದು?

ಗೊತ್ತಾಯಿತೇ? ಅದೇ ಗಿಣಿಮೂತಿ ಮೀನು. ಅಂಗಡಿಯವರು ಇದನ್ನು ಪ್ಯಾರಟ್ ಮೀನು ಅನ್ನುತ್ತಾರೆ. ಹುಬ್ಬಳ್ಳಿ ಪೇಟೆಗೆ ಹೋದಾಗ ಗಾಜಿನ ತೊಟ್ಟಿಯಲ್ಲಿ ನೀವು ಇದನ್ನು ನೋಡಿರಬಹುದು. ಮೈ ದುಂಡಗೆ. ಬಣ್ಣ ಕೇಸರಿ. ಮೂತಿ ಗಿಣಿಯ ಕೊಕ್ಕಿನ ಹಾಗೆ. ಮಕ್ಕಳು ಅದರ ಮುಂದೆ ನಿಂತರೆ ಕಾಲು ಕೀಳುವುದಿಲ್ಲ.

"ಯವ್ವಾ, ನಮ್ಮನಿಗೂ ಒಂದು ತರೋಣು" ಅನ್ನುತ್ತಾವೆ.

ತರಬಹುದು. ಆದರೆ ಮೀನೂ ಒಂದು ಜೀವ. ಎಮ್ಮೆ ತರುವ ಮೊದಲು ಮೇವು, ನೀರು, ಕೊಟ್ಟಿಗೆ ನೋಡುತ್ತೇವೆ. ಮೀನಿಗೂ ಹಾಗೇ ನೋಡಬೇಕು. ನೋಡದೆ ತಂದರೆ ಮೀನೂ ಸಾಯುತ್ತದೆ, ಕೊಟ್ಟ ರೊಕ್ಕವೂ ಹೋಗುತ್ತದೆ. ಹಾಗಾಗದಂತೆ ಏನು ಮಾಡಬೇಕು? ಅದನ್ನು ಈ ಪಾಠದಲ್ಲಿ ತಿಳಿಯೋಣ.

ಇದು ಎಂಥಾ ಮೀನು?

ಇದು ಯಾವ ಹೊಳೆಯಲ್ಲೂ ತಾನಾಗಿ ಹುಟ್ಟಿದ ಮೀನಲ್ಲ. ಮನುಷ್ಯರು ಮಾಡಿದ ಮೀನು. ಸುಮಾರು 1986ರಲ್ಲಿ ತೈವಾನ್ ದೇಶದಲ್ಲಿ ಎರಡು ಬೇರೆ ಬೇರೆ ಜಾತಿಯ ಮೀನುಗಳನ್ನು ಕೂಡಿಸಿ ಇದನ್ನು ಪಡೆದರು. ಆ ಎರಡೂ ಜಾತಿಗಳು ಸಿಕ್ಲಿಡ್ ಎಂಬ ಬಳಗದವು. ಮಧ್ಯ ಅಮೆರಿಕ ಅವುಗಳ ತವರು ಎಂದು ಬಲ್ಲವರು ಹೇಳುತ್ತಾರೆ.

ಕತ್ತೆಯನ್ನೂ ಕುದುರೆಯನ್ನೂ ಕೂಡಿಸಿದರೆ ಹೇಸರಗತ್ತೆ ಹುಟ್ಟುತ್ತದೆ ಅಲ್ಲವೇ? ಇದೂ ಹಾಗೇ. ಮಿಶ್ರ ತಳಿ.

ಹೀಗೆ ಕೂಡಿಸಿದ್ದರಿಂದ ಬಣ್ಣ ಚೆಂದ ಬಂತು. ಆದರೆ ಮೈಯಲ್ಲಿ ಕೊರತೆಯೂ ಬಂತು. ಇದರ ಬಾಯಿ ಸಣ್ಣದು. ಪೂರ್ತಿ ಮುಚ್ಚುವುದಿಲ್ಲ. ಆದ್ದರಿಂದ ಅದು ಬಾಯಿಯಿಂದ ಕಚ್ಚಿ ತಿನ್ನಲಾರದು. ಗಂಟಲಿನ ಒಳಗೆ ಇರುವ ಹಲ್ಲಿನಿಂದ ತಿಂಡಿಯನ್ನು ಅರೆಯುತ್ತದೆ. ಜಗಳಗಂಟಿ ಮೀನಿನ ಜೊತೆ ಇದನ್ನು ಬಿಟ್ಟರೆ ಊಟ ಸಿಗುವುದಿಲ್ಲ, ಪೆಟ್ಟು ತಿನ್ನುತ್ತದೆ.

ಚೆನ್ನಾಗಿ ಸಾಕಿದರೆ ಈ ಮೀನು 7ರಿಂದ 8 ಇಂಚು ಬೆಳೆಯುತ್ತದೆ. ಅಂದರೆ ಒಂದು ಗೇಣು. 10ರಿಂದ 15 ವರ್ಷ ಬದುಕುತ್ತದೆ. ನಿಮ್ಮ ಮಗಳಿಗೆ ಈಗ 6 ವರ್ಷ ಅನ್ನಿ. ಅವಳಿಗೆ 16 ತುಂಬಿದಾಗಲೂ ಮೀನು ಮನೆಯಲ್ಲೇ ಇರಬಹುದು. ಇದು ಜಾತ್ರೆಯ ಆಟಿಗೆ ಸಾಮಾನಲ್ಲ. ಎರಡು ದಿನ ಆಡಿ ಬಿಸಾಡಲು ಬರುವುದಿಲ್ಲ.

ಸಿಕ್ಲಿಡ್ ಬಳಗದ ಮೀನು ನಮ್ಮ ನಾಡಿನಲ್ಲಿಯೂ ಇವೆ. ಭಾರತದಲ್ಲಿ ಮೂಲದಿಂದ ಇರುವುದು ಮೂರೇ ಜಾತಿ. ಕೇರಳದವರು ಕರಿಮೀನು ಅನ್ನುತ್ತಾರಲ್ಲ, ಅದು ಒಂದು. 2010ರಲ್ಲಿ ಕೇರಳ ಅದನ್ನು ತನ್ನ ರಾಜ್ಯದ ಮೀನು ಎಂದು ಸಾರಿತು. ಇನ್ನೊಂದು ಜಾತಿಯ ಹೆಸರಿನಲ್ಲೇ 'ಕೆನರಾ' ಎಂಬ ಮಾತಿದೆ. ಅದು ನಮ್ಮ ದಕ್ಷಿಣ ಕನ್ನಡದ ಹೊಳೆಗಳ ಮೀನು.

ಹುಟ್ಟಿದ ಬಣ್ಣವೋ, ಚುಚ್ಚಿದ ಬಣ್ಣವೋ?

ಅಂಗಡಿಯಲ್ಲಿ ಕೇಸರಿ ಮೀನು ಇರುತ್ತದೆ. ಕೆಂಪು, ಹಳದಿಯೂ ಇರುತ್ತವೆ. ಅದರ ಪಕ್ಕದಲ್ಲೇ ನೀಲಿ, ಹಸಿರು, ನೇರಳೆ, ಗುಲಾಬಿ ಬಣ್ಣದ ಮೀನೂ ಇರಬಹುದು. ಮಕ್ಕಳ ಕಣ್ಣು ಅಲ್ಲಿಗೇ ಹೋಗುತ್ತದೆ.

ಇಲ್ಲಿ ಎಚ್ಚರ ಇರಲಿ.

ಕೇಸರಿ, ಕೆಂಪು, ಹಳದಿ ಈ ಮೀನಿನ ಹುಟ್ಟು ಬಣ್ಣ. ಮರಿ ಇದ್ದಾಗ ಬೂದಿ ಬಣ್ಣ ಇರುತ್ತದೆ. ಬೆಳೆದಂತೆ ಬಣ್ಣ ಬರುತ್ತದೆ. ಆದರೆ ಅಚ್ಚ ನೀಲಿ, ಹಸಿರು, ನೇರಳೆ ಈ ಮೀನಿಗೆ ಹುಟ್ಟಿನಿಂದ ಬರುವುದಿಲ್ಲ. ಅವು ಹಾಕಿದ ಬಣ್ಣ. ಸೂಜಿಯಿಂದ ಮೀನಿನ ಮೈಯಲ್ಲಿ ಬಣ್ಣ ಚುಚ್ಚುತ್ತಾರೆ. ಇಲ್ಲವೇ ಔಷಧದಲ್ಲಿ ಅದ್ದಿ ಮೈಮೇಲಿನ ಲೋಳೆ ತೆಗೆದು ಬಣ್ಣ ಹಿಡಿಸುತ್ತಾರೆ. ಕೆಲವು ಮೀನಿನ ಮೈಮೇಲೆ ಚಿತ್ರ, ಅಕ್ಷರ ಕೂಡ ಬರೆದಿರುತ್ತಾರೆ.

ಮರಿ ಇದ್ದಾಗಲೇ ಬಾಲ ಕತ್ತರಿಸುವುದೂ ಉಂಟು. ಆಗ ಮೀನು ಇಸ್ಪೀಟಿನ ಆಟೀನ್ ಎಲೆಯ ಹಾಗೆ ಕಾಣುತ್ತದೆ. ಅದಕ್ಕೆ 'ಹಾರ್ಟ್ ಮೀನು' ಅಂತ ಹೆಸರಿಟ್ಟು ಹೆಚ್ಚು ರೊಕ್ಕಕ್ಕೆ ಮಾರುತ್ತಾರೆ. ಬಾಲ ಇಲ್ಲದ ಮೀನು ಸರಿಯಾಗಿ ಈಜಲಾರದು.

"ಹಂಗಂದ್ರ ಆ ಬಣ್ಣ ಉಳೀತೈತೇನ್ರಿ?"

ಉಳಿಯುವುದಿಲ್ಲ. ಕೆಲವು ತಿಂಗಳಲ್ಲಿ ಮಾಸುತ್ತದೆ. ಸೂಜಿ ಚುಚ್ಚಿದ ಗಾಯದಿಂದ ರೋಗ ಹತ್ತುತ್ತದೆ. ಎಷ್ಟೋ ಮೀನು ಅಂಗಡಿಗೆ ಬರುವ ಮೊದಲೇ ಸಾಯುತ್ತವೆ. ನಾವು ಕೊಂಡರೆ ಮಾಡುವವರು ಮತ್ತೆ ಮಾಡುತ್ತಾರೆ. ನಾವು ಕೊಳ್ಳದಿದ್ದರೆ ನಿಲ್ಲುತ್ತದೆ.

ಕೊಳ್ಳುವಾಗ ಅಂಗಡಿಯವರನ್ನು ಕೇಳಿ: "ಅಣ್ಣಾರ, ಇದು ಹುಟ್ಟಿದ ಬಣ್ಣೇನ್ರಿ, ಹಾಕಿದ ಬಣ್ಣೇನ್ರಿ?" ಕೇಳಲು ನಾಚಿಕೆ ಬೇಡ. ಸೀರೆ ಕೊಳ್ಳುವಾಗ ಬಣ್ಣ ಬಿಡುತ್ತದೆಯೇ ಎಂದು ಕೇಳುವುದಿಲ್ಲವೇ? ಇದೂ ಹಾಗೇ.

ಆರೋಗ್ಯದ ಮೀನು ಹೇಗಿರುತ್ತದೆ? ಚುರುಕಾಗಿ ಓಡಾಡುತ್ತದೆ. ಕಣ್ಣು ತಿಳಿಯಾಗಿರುತ್ತದೆ. ರೆಕ್ಕೆ ಅಗಲವಾಗಿ ಬಿಚ್ಚಿರುತ್ತದೆ. ಮೈಮೇಲೆ ಬಿಳಿ ಚುಕ್ಕಿ, ಗಾಯ ಇರುವುದಿಲ್ಲ. ಹೊಟ್ಟೆ ಒಳಗೆ ಸರಿದಿರುವುದಿಲ್ಲ.

ಮೊದಲು ಲೆಕ್ಕ ಹಾಕೋಣ

ದುಂಡನೆಯ ಗಾಜಿನ ಬುಟ್ಟಿಯಲ್ಲಿ ಈ ಮೀನು ಇಡಬಾರದು. ಅಲ್ಲಿ ನೀರು ಸಾಲದು, ಗಾಳಿಯೂ ಸಾಲದು. ಅದಕ್ಕೆ ದೊಡ್ಡ ತೊಟ್ಟಿ ಬೇಕು.

ತೊಟ್ಟಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ? ಅಳತೆ ಪಟ್ಟಿ ತಗೊಳ್ಳಿ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಅಳೆಯಿರಿ. ಮೂರನ್ನೂ ಗುಣಿಸಿ. ಬಂದದ್ದನ್ನು 1000ದಿಂದ ಭಾಗಿಸಿ. ಅಷ್ಟು ಲೀಟರು.

ಉದ್ದ 90, ಅಗಲ 40, ಎತ್ತರ 45 ಇದೆ ಅನ್ನಿ.
90 × 40 × 45 = 1,62,000
1,62,000 ÷ 1000 = 162 ಲೀಟರು.

ಕಂಠದವರೆಗೆ ತುಂಬುವುದಿಲ್ಲ. ಹಾಗಾಗಿ 150 ಲೀಟರು ಅಂತ ಹಿಡಿಯೋಣ. ಒಂದು ಕೊಡಕ್ಕೆ 15 ಲೀಟರು ಹಿಡಿದರೆ 10 ಕೊಡ ನೀರು. ಇಷ್ಟು ನೀರಿನಲ್ಲಿ ದೊಡ್ಡದಾದ ಗಿಣಿಮೂತಿ ಮೀನು ಎರಡು ಇರಬಹುದು. ಹೆಚ್ಚು ಬೇಡ.

ಒಂದು ಲೀಟರು ನೀರು ಒಂದು ಕಿಲೋ ತೂಗುತ್ತದೆ. ಅಂದರೆ ನೀರೇ 150 ಕಿಲೋ ಆಯಿತು. ಒಂದೂವರೆ ಕ್ವಿಂಟಲ್! ಗಾಜು, ಕಲ್ಲು, ಉಸುಕು ಬೇರೆ. ಇದನ್ನು ಟಿ.ವಿ. ಮೇಜಿನ ಮೇಲೆ ಇಡಬೇಡಿ. ಗೋಡೆಗೆ ಹೊಡೆದ ಹಲಗೆಯ ಮೇಲೆ ಇಡಬೇಡಿ. ಗಟ್ಟಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಮಟ್ಟಸ ನೆಲದ ಮೇಲೆ ಇಡಿ. ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಳೆ ಹಾಸಿ. ಆಗ ಗಾಜು ಸೀಳುವುದಿಲ್ಲ.

ಕರೆಂಟಿನ ಲೆಕ್ಕ ನೋಡೋಣ. ನೀರು ಸೋಸುವ ಮಶಿನ್ನಿಗೆ ಫಿಲ್ಟರ್ ಎಂದು ಹೆಸರು. ಅದು ಹಗಲು ರಾತ್ರಿ ನಡೆಯಬೇಕು. ಅದು 15 ವ್ಯಾಟಿನದು ಅನ್ನಿ.
15 × 24 ತಾಸು = 360
360 × 30 ದಿನ = 10,800
10,800 ÷ 1000 = 10.8 ಯೂನಿಟ್.

ಗಾಳಿ ಊದುವ ಸಣ್ಣ ಪಂಪು 5 ವ್ಯಾಟಿನದು ಅನ್ನಿ. ಅದಕ್ಕೆ ತಿಂಗಳಿಗೆ 3.6 ಯೂನಿಟ್. ಎರಡೂ ಸೇರಿ 14.4 ಯೂನಿಟ್. ನಿಮ್ಮ ಮನೆಯ ಕರೆಂಟ್ ಬಿಲ್ಲು ತೆಗೆದು ಓದಿ. ಒಂದು ಯೂನಿಟ್ಟಿಗೆ ಎಷ್ಟು ಎಂದು ನೋಡಿ, ಗುಣಿಸಿ. ಆಮೇಲೆ ಮನೆಯವರೆಲ್ಲ ಕೂತು ಮಾತಾಡಿ.

ನಮ್ಮ ಕಡೆಯ ನೀರು

ನವಲಗುಂದ, ಅಣ್ಣಿಗೇರಿ ಕಡೆ ಯರಿ ಭೂಮಿ. ಬೋರ್ ನೀರು ಬಹಳ ಊರಲ್ಲಿ ಸವಳು. ಅದಕ್ಕೇ ಹಿರಿಯರು ಕೆರೆ ಕಟ್ಟಿ ಕುಡಿಯುವ ನೀರು ಕಾಯ್ದರು. ನವಲಗುಂದದ ನೀಲಮ್ಮನ ಕೆರೆ ಹಾಗೆ ಹೆಸರಾದದ್ದು. ಮಲಪ್ರಭೆಯ ಕಾಲುವೆಯಿಂದಲೂ ಕೆರೆ ತುಂಬುತ್ತಾರೆ. ಕಲಘಟಗಿ ಕಡೆ ಮಳೆ ಹೆಚ್ಚು. ಅಲ್ಲಿ ನೀರಿನ ಗುಣ ಬೇರೆ.

ಬಹಳ ಸವಳು ನೀರು ಈ ಮೀನಿಗೆ ಆಗುವುದಿಲ್ಲ. ಕೆರೆ ನೀರು, ನಳದ ನೀರು ಆಗುತ್ತದೆ. ಮಳೆಗಾಲದಲ್ಲಿ ಮಾಳಿಗೆಯಿಂದ ಹಿಡಿದ ಚೊಕ್ಕ ಮಳೆ ನೀರನ್ನು ಗಡಸು ನೀರಿಗೆ ಬೆರೆಸಬಹುದು.

"ಶುದ್ಧ ನೀರಿನ ಘಟಕದ ನೀರು ಹಾಕಿದ್ರ ಚಲೋ ಅಲ್ಲೇನ್ರಿ?"

ಬೇಡ. ಆ ನೀರಿನಲ್ಲಿ ಲವಣ ಬಹಳ ಕಡಿಮೆ. ಬರೀ ಅದನ್ನೇ ಹಾಕಿದರೆ ಮೀನಿಗೆ ಒಗ್ಗುವುದಿಲ್ಲ. ಅದೂ ಅಲ್ಲದೆ ಅದು ಮಂದಿ ಕುಡಿಯುವ ನೀರು.

ನಳದ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ. ಅದರಲ್ಲಿ ಕ್ಲೋರಿನ್ ಇದೆ. ಕ್ಲೋರಿನ್ ನಮಗೆ ರೋಗ ಬರದಂತೆ ಕಾಯುತ್ತದೆ. ಆದರೆ ಮೀನಿನ ಕಿವಿರನ್ನು ಸುಡುತ್ತದೆ. ಕಿವಿರು ಅಂದರೆ ಮೀನು ಉಸಿರಾಡುವ ಅಂಗ. ಆದ್ದರಿಂದ ನಳದ ನೀರನ್ನು ಅಗಲ ಬಾಯಿಯ ಬುಟ್ಟಿಯಲ್ಲಿ ಒಂದು ದಿನ, ಒಂದು ರಾತ್ರಿ ಇಡಿ. ಮೇಲೆ ತೆಳು ಅರಿವೆ ಕಟ್ಟಿ. ಕ್ಲೋರಿನ್ ಗಾಳಿಗೆ ಹೋಗುತ್ತದೆ. ಸೊಳ್ಳೆಯೂ ಮೊಟ್ಟೆ ಇಡುವುದಿಲ್ಲ. ಆಮೇಲೆ ತೊಟ್ಟಿಗೆ ಹಾಕಿ.

ವಾರಕ್ಕೊಮ್ಮೆ ತೊಟ್ಟಿಯ ನೀರಿನಲ್ಲಿ ಕಾಲು ಭಾಗ ತೆಗೆದು ಹೊಸ ನೀರು ಹಾಕಬೇಕು. 10 ಕೊಡದಲ್ಲಿ ಕಾಲು ಭಾಗ ಎಂದರೆ ಎರಡೂವರೆ ಕೊಡ.

ಅತ್ತೆ ಗೊಣಗಬಹುದು: "ಕುಡ್ಯಾಕ ನೀರಿಲ್ಲ, ಮೀನಿಗೆ ಎಲ್ಲಿಂದ ತರ್ತಿ?"

ಅತ್ತೆ ಹೇಳುವುದರಲ್ಲಿ ನ್ಯಾಯ ಇದೆ. ನಳದ ನೀರು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬರುವ ಊರಿದ್ದರೆ ಈ ಮೀನು ಬೇಡ. ಸಣ್ಣ ಮೀನು ಸಾಕು. ಅದರ ಮಾತು ಮುಂದೆ ಬರುತ್ತದೆ. ನೀರು ಸಾಕಷ್ಟಿದ್ದರೆ ತೆಗೆದ ನೀರು ಚೆಲ್ಲಬೇಡಿ. ಅದು ಗೊಬ್ಬರದ ನೀರು. ಕರಿಬೇವು, ಮಲ್ಲಿಗೆ, ಬದನಿ ಗಿಡಕ್ಕೆ ಹಾಕಿ. ಗಿಡ ಹುಲುಸಾಗಿ ಬೆಳೆಯುತ್ತದೆ.

ತೊಟ್ಟಿಗೂ ಹೆಪ್ಪು ಬೇಕು

ಬಹಳ ಮಂದಿ ಒಂದೇ ದಿನ ತೊಟ್ಟಿ ತರುತ್ತಾರೆ, ನೀರು ತುಂಬುತ್ತಾರೆ, ಮೀನು ಬಿಡುತ್ತಾರೆ. ವಾರದಲ್ಲಿ ಮೀನು ಸಾಯುತ್ತದೆ. "ನಮ್ಮ ಕೈಗುಣ ಸರಿ ಇಲ್ಲ, ದೃಷ್ಟಿ ಆತು" ಅನ್ನುತ್ತಾರೆ. ಕೈಗುಣವೂ ಅಲ್ಲ, ದೃಷ್ಟಿಯೂ ಅಲ್ಲ. ಕಾರಣ ಬೇರೆ ಇದೆ.

ದನದ ಕೊಟ್ಟಿಗೆ ಎರಡು ದಿನ ಬಳಿಯದಿದ್ದರೆ ಏನಾಗುತ್ತದೆ? ಗಂಜಲದ ಘಾಟು ಮೂಗಿಗೆ ಬಡಿಯುತ್ತದೆ, ಕಣ್ಣು ಉರಿಯುತ್ತದೆ. ಆ ಘಾಟು ಅಮೋನಿಯಾ. ಮೀನೂ ನೀರಿನಲ್ಲೇ ತಿಂದು ನೀರಿನಲ್ಲೇ ಹೊಲಸು ಮಾಡುತ್ತದೆ. ಅದರಿಂದ ನೀರಿನಲ್ಲಿ ಅಮೋನಿಯಾ ಕೂಡುತ್ತದೆ. ಅದು ಮೀನಿಗೆ ವಿಷ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಒಳಗೆ ವಿಷ ಇರುತ್ತದೆ.

ಈ ವಿಷವನ್ನು ತಿಂದು ತೆಗೆಯುವ ಸೂಕ್ಷ್ಮ ಜೀವಿಗಳಿವೆ. ಹಾಲನ್ನು ಮೊಸರು ಮಾಡುವುದು ಸೂಕ್ಷ್ಮ ಜೀವಿಯೇ ಅಲ್ಲವೇ? ಹೆಪ್ಪು ಹಾಕುತ್ತೇವೆ, ರಾತ್ರಿ ಕಾಯುತ್ತೇವೆ, ಬೆಳಗಾದರೆ ಮೊಸರು. ತೊಟ್ಟಿಗೂ ಹೀಗೇ ಹೆಪ್ಪು ಬೇಕು. ಆದರೆ ಇಲ್ಲಿ ಒಂದು ರಾತ್ರಿ ಸಾಲದು. 3ರಿಂದ 6 ವಾರ ಬೇಕು.

ಹೇಗೆ ಮಾಡುವುದು? ತೊಟ್ಟಿಗೆ ನೀರು ತುಂಬಿ. ಫಿಲ್ಟರ್ ಹಚ್ಚಿ. ಮೀನು ಬಿಡಬೇಡಿ. ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿ. ಅದು ಕೊಳೆತು ಸೂಕ್ಷ್ಮ ಜೀವಿಗೆ ಆಹಾರ ಆಗುತ್ತದೆ. ಯಾರಾದರೂ ಬಹಳ ದಿನದಿಂದ ಮೀನು ಸಾಕಿದ್ದರೆ ಅವರ ಫಿಲ್ಟರಿನ ಹಳೆಯ ಸ್ಪಂಜು ಒಂದು ತುಂಡು ಕೇಳಿ ತನ್ನಿ. ಅದೇ ಹೆಪ್ಪು. ಆಗ ಬೇಗ ಆಗುತ್ತದೆ. ನೀರು ಪರೀಕ್ಷೆ ಮಾಡುವ ಔಷಧ ಅಂಗಡಿಯಲ್ಲಿ ಸಿಗುತ್ತದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದ ಮೇಲೆ ಮೀನು ತನ್ನಿ.

ಇನ್ನೊಂದು ಮಾತು. ಫಿಲ್ಟರಿನ ಸ್ಪಂಜು ಹೊಲಸಾದರೆ ನಳದ ಕೆಳಗೆ ತೊಳೆಯಬೇಡಿ. ಸಬಕಾರ ಹಚ್ಚಲೇಬೇಡಿ. ಹಾಗೆ ಮಾಡಿದರೆ ಹೆಪ್ಪು ಸಾಯುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು.

ಮೀನು ಮನೆಗೆ ಬಂದಾಗ

ತೊಟ್ಟಿಯ ತಳಕ್ಕೆ ತೊಳೆದ ದುಂಡು ಹರಳು ಹಾಕಿ. ಚೂಪು ಕಲ್ಲು ಬೇಡ. ಈ ಮೀನಿಗೆ ಬಾಯಿಯಿಂದ ಹರಳು ಎತ್ತಿ ಕುಣಿ ತೋಡುವ ಚಟ. ಇದು ಅಂಜುಬುರುಕ ಮೀನು. ಅಡಗಲು ಜಾಗ ಬೇಕು. ಒಡೆದ ಗಡಿಗೆ ಇದ್ದರೆ ಅಂಚು ಉಜ್ಜಿ ನುಣುಪು ಮಾಡಿ, ತೊಳೆದು, ಅಡ್ಡ ಮಲಗಿಸಿ. ಅದೇ ಅದರ ಮನೆ. ಬಣ್ಣ ಹಚ್ಚಿದ ಗಡಿಗೆ ಬೇಡ.

ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊಡುತ್ತಾರೆ. ಅದನ್ನು ಹಾಗೇ ತೊಟ್ಟಿಗೆ ಸುರುವಬೇಡಿ. ಚೀಲವನ್ನು 15 ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಡಿ. ಬಿಸಿ-ತಂಪು ಸರಿಯಾಗುತ್ತದೆ. ಆಮೇಲೆ ಚೀಲ ಬಿಚ್ಚಿ, ಆಗಾಗ ಒಂದೊಂದು ಲೋಟ ತೊಟ್ಟಿಯ ನೀರು ಅದಕ್ಕೆ ಹಾಕಿ. ಅರ್ಧ ತಾಸು ಬಿಟ್ಟು ಮೀನನ್ನು ಮಾತ್ರ ಜಾಳಿಗೆಯಿಂದ ಎತ್ತಿ ಬಿಡಿ. ಚೀಲದ ನೀರು ಗಿಡಕ್ಕೆ ಹಾಕಿ.

ಮೊದಲ ದಿನ ಮೀನು ಮೂಲೆಯಲ್ಲಿ ಕೂರಬಹುದು. ಬಣ್ಣ ಬಿಳಿಚಬಹುದು. ಅಂಜಿಕೆಗೆ ಹಾಗಾಗುತ್ತದೆ. ದೀಪ ಆರಿಸಿ. ಗಾಜು ಬಡಿಯಬೇಡಿ ಎಂದು ಮಕ್ಕಳಿಗೆ ಹೇಳಿ. ಕೆಲವು ದಿನದಲ್ಲಿ ಒಗ್ಗಿಕೊಳ್ಳುತ್ತದೆ. ಆಮೇಲೆ ತಿಂಡಿ ಹಾಕುವವರ ಗುರುತು ಹಿಡಿದು ಮುಂದೆ ಬಂದು ನಿಲ್ಲುತ್ತದೆ.

ಮೀನಿನ ಊಟ

ಈ ಮೀನಿಗೆ ಸಣ್ಣ ಕಾಳಿನ ತಿಂಡಿ ಬೇಕು. ನಿಧಾನ ಮುಳುಗುವ ಕಾಳು ಒಳ್ಳೆಯದು. ದೊಡ್ಡ ಕಾಳು ಬಾಯಿಗೆ ಹಿಡಿಯುವುದಿಲ್ಲ. ಡಬ್ಬಿಯ ಮೇಲಿನ ದಿನಾಂಕ ಓದಿ. ಅವಧಿ ಮುಗಿದದ್ದನ್ನು ಕೊಳ್ಳಬೇಡಿ.

ದಿನಕ್ಕೆ ಎರಡು ಹೊತ್ತು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ವಾರಕ್ಕೊಂದು ದಿನ ಉಪವಾಸ ಇಟ್ಟರೂ ನಡೆಯುತ್ತದೆ. ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ ಹಿಸುಕಿ ಆಗಾಗ ಕೊಡಬಹುದು. ಹೊಟ್ಟೆ ಸರಾಗ ಆಗುತ್ತದೆ.

ಚುರುಮುರಿ, ರೊಟ್ಟಿ ಚೂರು, ಅನ್ನ, ಬಿಸ್ಕಿಟು ಹಾಕಬೇಡಿ. ಮಕ್ಕಳು ಪ್ರೀತಿಯಿಂದ ಹಾಕುತ್ತಾವೆ. ಆದರೆ ಅದು ಕೊಳೆತು ನೀರು ಕೆಡುತ್ತದೆ. ಸಾಕಿದ ಮೀನು ಹಸಿವೆಯಿಂದ ಸಾಯುವುದು ಕಡಿಮೆ. ಹೆಚ್ಚು ಹಾಕಿ ನೀರು ಕೆಟ್ಟು ಸಾಯುವುದೇ ಹೆಚ್ಚು.

ಹೊಲದ ಕೆಲಸಕ್ಕೆ ಹೋಗುವ ಅಕ್ಕಂದಿರೇ, ಇದನ್ನು ನೆನಪಿಡಿ. ಹತ್ತಿ, ಮೆಣಸಿನಗಿಡಕ್ಕೆ ಔಷಧ ಹೊಡೆದ ದಿನ ತೊಟ್ಟಿಗೆ ಕೈ ಹಾಕಬೇಡಿ. ಕೈಗೆ, ಅರಿವೆಗೆ ಹತ್ತಿದ ಔಷಧದ ಅಂಶ ಸಾಕು, ಮೀನು ಸಾಯುತ್ತದೆ. ಆ ಔಷಧ ನಿಮ್ಮ ಮೈಗೂ ವಿಷವೇ. ಮೈ ತೊಳೆದು, ಅರಿವೆ ಬದಲಿಸಿ, ಆಮೇಲೆ ಅಡಿಗೆಗೆ, ಮಕ್ಕಳ ಹತ್ತಿರ ಹೋಗಿ. ಸೊಳ್ಳೆ ಬತ್ತಿ, ಜಿರಳೆಗೆ ಹೊಡೆಯುವ ಔಷಧವನ್ನೂ ತೊಟ್ಟಿ ಇರುವ ಕೋಣೆಯಲ್ಲಿ ಬಳಸಬೇಡಿ.

ಬಿಸಿಲು, ಚಳಿ, ಕರೆಂಟು

ಈ ಮೀನಿಗೆ 25ರಿಂದ 28 ಡಿಗ್ರಿ ಬಿಸಿ ಇರುವ ನೀರು ಹಿತ. ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ ನೀರು ಕಾಯುತ್ತದೆ. ಕಾದ ನೀರಿನಲ್ಲಿ ಗಾಳಿ ಕಡಿಮೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬೇಡಿ. ಗಾಳಿಯ ಪಂಪು ನಡೆಯಲಿ. ತೊಟ್ಟಿಯ ಸುತ್ತ ಹಸಿ ಅರಿವೆ ಸುತ್ತಿ.

ಛಟ್ಟಿ ಅಮವಾಸ್ಯೆಯಿಂದ ಸಂಕ್ರಾಂತಿಯವರೆಗೆ ರಾತ್ರಿ ಚಳಿ ಹೆಚ್ಚು. ಆಗ ನೀರು ಕಾಯಿಸುವ ಸಣ್ಣ ಹೀಟರು ಬೇಕಾಗುತ್ತದೆ. 100 ವ್ಯಾಟಿನ ಹೀಟರು ದಿನಕ್ಕೆ 8 ತಾಸು ನಡೆದರೆ ತಿಂಗಳಿಗೆ 24 ಯೂನಿಟ್. ಈ ಲೆಕ್ಕವನ್ನೂ ಮೊದಲೇ ಹಿಡಿಯಿರಿ.

ಕರೆಂಟು ಹೋದರೆ? ಚೊಕ್ಕ ತಂಬಿಗೆಯಿಂದ ತೊಟ್ಟಿಯ ನೀರು ಎತ್ತಿ, ಒಂದು ಗೇಣು ಎತ್ತರದಿಂದ ಮತ್ತೆ ಅದರಲ್ಲೇ ಸುರುವಿ. ಕಾಲು ತಾಸಿಗೊಮ್ಮೆ ನಾಲ್ಕೈದು ಸಲ ಹೀಗೆ ಮಾಡಿ. ನೀರಿಗೆ ಗಾಳಿ ಸೇರುತ್ತದೆ.

ನೀರು, ಕರೆಂಟು ಎರಡೂ ಸೇರಿದಲ್ಲಿ ಜೀವಕ್ಕೆ ಅಪಾಯ. ತೊಟ್ಟಿಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ಗು ಕಿತ್ತುಬಿಡಿ. ಬರೀ ಸ್ವಿಚ್ ಆರಿಸಿದರೆ ಸಾಲದು. ವಾಯರು ತೊಟ್ಟಿಯಿಂದ ನೇರ ಪ್ಲಗ್ಗಿಗೆ ಹೋಗದಿರಲಿ. ಮೊದಲು ಕೆಳಗೆ ಜೋತು, ಆಮೇಲೆ ಮೇಲೇರಲಿ. ಆಗ ವಾಯರಿನ ಗುಂಟ ಇಳಿದ ನೀರು ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಮನೆಗೆ ಅರ್ಥಿಂಗ್ ಇರಲೇಬೇಕು.

ಬ್ಯಾನಿ ಬಂದರೆ

ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ ಕಂಡರೆ ಅದು ಬಿಳಿ ಚುಕ್ಕಿ ರೋಗ. ಮೀನು ಮೈಯನ್ನು ಕಲ್ಲಿಗೆ ತಿಕ್ಕುತ್ತದೆ. ಆಗ ನೀರಿನ ಬಿಸಿಯನ್ನು ನಿಧಾನವಾಗಿ, ಒಂದೆರಡು ದಿನದಲ್ಲಿ, 30 ಡಿಗ್ರಿಗೆ ಏರಿಸಬೇಕು. ಗಾಳಿಯ ಪಂಪು ಜೋರಾಗಿ ನಡೆಯಬೇಕು. 10 ಲೀಟರು ನೀರಿಗೆ ಎರಡು ಚಹಾ ಚಮಚ ಲೆಕ್ಕದಲ್ಲಿ ಉಪ್ಪನ್ನು ನೀರಿನಲ್ಲಿ ಕರಗಿಸಿ, ಒಂದೇ ಸಲಕ್ಕೆ ಹಾಕದೆ ಮೂರು ಸಲ ಹಂಚಿ ಹಾಕಿ. ಕಡಿಮೆ ಆಗದಿದ್ದರೆ ಅಂಗಡಿಯಲ್ಲಿ ಔಷಧ ಕೇಳಿ. ಚೀಟಿಯ ಮೇಲೆ ಬರೆದ ಅಳತೆ ಓದಿ ಹಾಕಿ. ಅಂದಾಜಿನಿಂದ ಹಾಕಬೇಡಿ.

ಯಾವ ಬ್ಯಾನಿ ಕಂಡರೂ ಮೊದಲ ಔಷಧ ಒಂದೇ: ಕಾಲು ಭಾಗ ನೀರು ಬದಲಿಸುವುದು.

ಮರಿ ಮಾಡಿ ಮಾರಬಹುದೇ?

ಸಂಘದ ಅಕ್ಕಂದಿರು ಇದನ್ನು ತಪ್ಪದೆ ಓದಿ.

"ಜೋಡಿ ಒಯ್ಯಿರಿ. ಮರಿ ಮಾಡಿ ಕೊಡ್ರಿ. ನಾವೇ ಕೊಳ್ತೀವಿ" ಎಂದು ಯಾರಾದರೂ ಬಂದು ಹೇಳಬಹುದು. ಗಿಣಿಮೂತಿ ಮೀನಿನ ಮಟ್ಟಿಗೆ ಈ ಮಾತು ನಂಬಬೇಡಿ. ಈ ಜಾತಿಯ ಗಂಡು ಮೀನು ಬಹುಪಾಲು ಬಂಜೆ. ಹೆಣ್ಣು ಮೊಟ್ಟೆ ಇಡುತ್ತದೆ. ಗಂಡು, ಹೆಣ್ಣು ಎರಡೂ ಕೂತು ಮೊಟ್ಟೆ ಕಾಯುತ್ತವೆ. ಆದರೆ ಎರಡು ಮೂರು ದಿನದಲ್ಲಿ ಮೊಟ್ಟೆ ಬೆಳ್ಳಗಾಗಿ ಬೂಸ್ಟು ಹಿಡಿಯುತ್ತವೆ. ಮರಿ ಆಗುವುದಿಲ್ಲ. ಸಂಘದ ಸಾಲ ತೆಗೆದು ಇದರ ಮೇಲೆ ಹಾಕಿದರೆ ಬಡ್ಡಿ ಬೆಳೆಯುತ್ತದೆ, ಮೀನು ಬೆಳೆಯುವುದಿಲ್ಲ.

ಬಣ್ಣದ ಮೀನು ಸಾಕಿ ಗಳಿಸುವವರು ಇಲ್ಲವೆಂದಲ್ಲ. ಚೆನ್ನೈನ ಕೊಳತ್ತೂರು ಬಣ್ಣದ ಮೀನಿಗೆ ಹೆಸರಾದ ಊರು. ಅಲ್ಲಿ ಮನೆ ಮನೆಯಲ್ಲಿ ಈ ಕೆಲಸ ನಡೆಯುತ್ತದೆ. ಆದರೆ ಹೊಸಬರು ಸುಲಭದ ಮೀನಿನಿಂದ ಶುರು ಮಾಡಬೇಕು. ಗಪ್ಪಿ, ಮೋಲಿ, ಪ್ಲಾಟಿ ಅಂಥವು. ಇವು ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತವೆ. ಗಪ್ಪಿ ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಸಿಮೆಂಟಿನ ತೊಟ್ಟಿಯಲ್ಲೂ ಬೆಳೆಯುತ್ತದೆ. ನೀರೂ ಕಡಿಮೆ ಸಾಕು.

2020ರಲ್ಲಿ ಕೇಂದ್ರ ಸರಕಾರ ಮತ್ಸ್ಯ ಸಂಪದ ಎಂಬ ಯೋಜನೆ ತಂದಿತು. ಅದರಲ್ಲಿ ಹಿತ್ತಲಲ್ಲಿ ಬಣ್ಣದ ಮೀನು ಸಾಕುವುದಕ್ಕೂ ಸಹಾಯಧನ ಇಟ್ಟರು. ಹೆಂಗಸರಿಗೆ ಯೋಜನೆಯ ವೆಚ್ಚದಲ್ಲಿ ನೂರಕ್ಕೆ 60ರಷ್ಟು. ನೀವು ಶುರು ಮಾಡುವ ವರ್ಷ ಯಾವ ಯೋಜನೆ ಇದೆ, ಎಷ್ಟು ಸಿಗುತ್ತದೆ ಎಂದು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಬರೆದುಕೊಳ್ಳಿ. ಅರ್ಜಿ ಓದದೆ ಹೆಬ್ಬೆಟ್ಟು ಒತ್ತುವ ಕಾಲ ಈಗಿಲ್ಲ. ಓದಿ, ತಿಳಿದು, ಸಹಿ ಮಾಡಿ. ಮರಿ ಮಾಡುವ ಮೊದಲು ಕೊಳ್ಳುವವರು ಯಾರು ಎಂದು ಹುಡುಕಿ.

ಕೆರೆಗೆ ಬಿಡಬೇಡಿ

ಮೀನು ದೊಡ್ಡದಾಯಿತು. ಸಾಕುವುದು ಆಗಲಿಲ್ಲ. ಆಗ ಕೆಲವರು "ಪಾಪ, ಕೆರಿಗೆ ಬಿಟ್ರ ಬದಕ್ತಾವ" ಎಂದು ಬಿಟ್ಟು ಬರುತ್ತಾರೆ. ಮನಸ್ಸು ಒಳ್ಳೆಯದು, ಕೆಲಸ ಒಳ್ಳೆಯದಲ್ಲ.

ಹಿಂದೆ ಏನಾಯಿತು ನೋಡಿ. ಗಿಣಿಮೂತಿ ಮೀನಿನ ಬಳಗದ್ದೇ ಆದ ತಿಲಾಪಿಯಾ ಎಂಬ ಆಫ್ರಿಕಾದ ಮೀನನ್ನು 1952ರಲ್ಲಿ ನಮ್ಮ ದೇಶಕ್ಕೆ ತಂದರು. ಅದನ್ನೇ ಹಲವರು ಜಿಲೇಬಿ ಮೀನು ಅನ್ನುತ್ತಾರೆ. ತಿನ್ನಲು ಆಗುತ್ತದೆ ಎಂದು ಕೆರೆಗೆ ಬಿಟ್ಟರು. ಅದು ಹೊಲದಲ್ಲಿ ಕಸ ಹಬ್ಬಿದ ಹಾಗೆ ಹಬ್ಬಿತು. ನಮ್ಮ ಊರ ಮೀನಿನ ಮೇವು ತಿಂದಿತು, ಜಾಗ ಹಿಡಿಯಿತು. ಆಫ್ರಿಕಾದ ಕ್ಯಾಟ್‌ಫಿಶ್‌ ಕೂಡ ಹೀಗೇ ಕಾಟ ಕೊಟ್ಟಿತು. 2000ನೇ ವರ್ಷದಲ್ಲಿ ಸರಕಾರ ಅದನ್ನು ಸಾಕುವುದನ್ನೇ ನಿಷೇಧಿಸಿತು. ಗಾಜಿಗೆ ಅಂಟಿ ಪಾಚಿ ತಿನ್ನುವ ಕರಿ ಮೀನನ್ನು ತೊಟ್ಟಿ ಸ್ವಚ್ಛ ಮಾಡುತ್ತದೆ ಎಂದು ಮಾರುತ್ತಾರೆ. ಅದು ಈಗ ದೇಶದ ಹಲವು ಕೆರೆಗಳಲ್ಲಿ ತುಂಬಿಕೊಂಡು ಮೀನುಗಾರರ ಬಲೆ ಹರಿಯುತ್ತದೆ.

ಗಿಣಿಮೂತಿ ಮೀನು ಕೆರೆಯಲ್ಲಿ ಬದುಕುವುದೂ ಕಷ್ಟ. ಬದುಕಿದರೆ ತೊಟ್ಟಿಯ ರೋಗವನ್ನು ಕೆರೆಯ ಮೀನಿಗೆ ಹಚ್ಚಬಹುದು. ನಮ್ಮ ಕೆರೆ ನಮ್ಮೆಲ್ಲರ ಕುಡಿಯುವ ನೀರು. ಅದಕ್ಕೆ ಹೊರಗಿನ ಜೀವ ಬಿಡುವ ಹಕ್ಕು ಒಬ್ಬರಿಗಿಲ್ಲ. ಸಾಕಲು ಆಗದಿದ್ದರೆ ಅಂಗಡಿಗೆ ತಿರುಗಿ ಕೊಡಿ. ಇಲ್ಲವೇ ಸಾಕುವವರಿಗೆ ಕೊಡಿ.

ಸೊಳ್ಳೆಯ ಮರಿ ತಿನ್ನುವ ಗಪ್ಪಿ ಮೀನನ್ನು ಆರೋಗ್ಯ ಇಲಾಖೆಯವರು ಕೆಲವು ಕಡೆ ಬಾವಿ, ತೊಟ್ಟಿಗಳಿಗೆ ಬಿಡುತ್ತಾರೆ. ಡೆಂಗಿ, ಮಲೇರಿಯಾ ತಡೆಯಲು ಅದು ಸಹಾಯ. ಅದನ್ನೂ ನಾವಾಗಿ ಹಳ್ಳಕ್ಕೆ, ಕೆರೆಗೆ ಬಿಡಬಾರದು. ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ನಾಲ್ಕು ಗಪ್ಪಿ ಇದ್ದರೆ ಸೊಳ್ಳೆಯೂ ಕಡಿಮೆ, ಮಕ್ಕಳಿಗೆ ಬಣ್ಣದ ಮೀನೂ ಆಯಿತು. ನೀರು ಕಡಿಮೆ ಇರುವ ಮನೆಗೆ ಇದೇ ಸರಿ.

ನೆನಪಿಡಿ

1. ನೀಲಿ, ಹಸಿರು, ನೇರಳೆ ಬಣ್ಣ ಚುಚ್ಚಿದ ಮೀನು, ಬಾಲ ಕತ್ತರಿಸಿದ ಮೀನು ಕೊಳ್ಳಬೇಡಿ.
2. ತೊಟ್ಟಿ ಮೊದಲು. ಹೆಪ್ಪು ಆಮೇಲೆ. ಮೀನು ಕಡೆಗೆ.
3. ನಳದ ನೀರನ್ನು ಒಂದು ದಿನ ಇಟ್ಟು ಹಾಕಿ.
4. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.
5. ತಿಂಡಿ ಕಡಿಮೆ ಹಾಕಿ.
6. ಪ್ಲಗ್ಗು ಕಿತ್ತು ಆಮೇಲೆ ಕೈ ಹಾಕಿ.
7. ಮೀನನ್ನು ಕೆರೆಗೆ ಬಿಡಬೇಡಿ.

ಓದಿ, ಉತ್ತರ ಬರೆಯಿರಿ

1. ಗಿಣಿಮೂತಿ ಮೀನಿನ ಹುಟ್ಟು ಬಣ್ಣ ಯಾವುವು?
2. ಮೊಸರಿಗೂ ಮೀನಿನ ತೊಟ್ಟಿಗೂ ಇರುವ ಹೋಲಿಕೆ ಏನು?
3. ಒಂದು ತೊಟ್ಟಿಯ ಉದ್ದ 60, ಅಗಲ 30, ಎತ್ತರ 40 ಸೆಂಟಿಮೀಟರು. ಎಷ್ಟು ಲೀಟರು ನೀರು ಹಿಡಿಯುತ್ತದೆ? ಅದರಲ್ಲಿ ಗಿಣಿಮೂತಿ ಮೀನು ಸಾಕಬಹುದೇ?
4. ಗಿಣಿಮೂತಿ ಮೀನಿನ ಮರಿ ಮಾರುವ ವ್ಯಾಪಾರ ಯಾಕೆ ನಡೆಯುವುದಿಲ್ಲ?
5. ನಿಮ್ಮ ಊರ ಕೆರೆಯಲ್ಲಿ ಯಾವ ಯಾವ ಮೀನು ಇವೆ? ಹಿರಿಯರನ್ನು ಕೇಳಿ ಹೆಸರು ಬರೆಯಿರಿ. ಮುಂದಿನ ವಾರ ಎಲ್ಲರೂ ಓದಿ ಹೇಳಿ.